ಎಲಿಗೆ ಯಾಕ ನೀರ?

ನನಗಾಗ ಎಂಟೋ ಒಂಬತ್ತೋ ವರ್ಷ. ಬೇಸಿಗೆ ರಜೆಗೆ ಹುನಗುಂದ ತಾಲ್ಲೂಕಿನಲ್ಲಿರುವ ಮಾಮಾನ ಹೊಲಕ್ಕೆ ಹೋಗಿದ್ದೆ. ಆಗ ಅಲ್ಲಿ ಎರಡು ಎಕರೆ ದಾಳಿಂಬೆ ತೋಟ ಇತ್ತು. ಏಪ್ರಿಲ್ ಬಿಸಿಲು, ಎಲೆಗಳ ಮೇಲೆಲ್ಲ ಧೂಳು ಕೂತು ಗಿಡಗಳು ಬೂದು ಬಣ್ಣಕ್ಕೆ ತಿರುಗಿದ್ದವು. ನನಗೆ ಪಾಪ ಅನ್ನಿಸಿತು. ಬೋರ್‌ವೆಲ್ ಪೈಪು ಎತ್ತಿಕೊಂಡು, ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಒಂದೊಂದೇ ಗಿಡಕ್ಕೆ ಸ್ನಾನ ಮಾಡಿಸುತ್ತ ಹೋದೆ. ಧೂಳು ಇಳಿದು ಎಲೆಗಳು ಫಳಫಳ ಹೊಳೆಯತೊಡಗಿದವು. ಎಂಟು ಹತ್ತು ಗಿಡ ಆಗಿರಬೇಕು, ಹಿಂದಿನಿಂದ ಮಾಮಾನ ದನಿ ಬಂತು: "ಏ ಹುಡುಗಿ, ಎಲಿಗೆ ಯಾಕ ನೀರ ಹೊಡ್ಯಾಕತ್ತಿ? ಎಲಿ ನೀರ ಕುಡೀತದೇನು? ಬುಡಕ್ಕ ಹಾಕು!"

ಮುಂದಿನ ವರ್ಷ ಹೋದಾಗ ತೋಟ ಇರಲಿಲ್ಲ. ಗಿಡಗಳನ್ನು ಬೇರುಸಮೇತ ಕಿತ್ತು, ಬದುವಿನ ಹತ್ತಿರ ರಾಶಿ ಹಾಕಿ ಸುಟ್ಟಿದ್ದರು. ಆ ಜಾಗ ಕಪ್ಪಗೆ ಕಾಣುತ್ತಿತ್ತು. "ರೋಗ ಬಂತು" ಅಂತಷ್ಟೇ ದೊಡ್ಡವರು ಹೇಳಿದರು. ಅದು ನೀರಿನಿಂದ ಹರಡೋ ರೋಗ ಅಂತ ಅತ್ತೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅವತ್ತಿನಿಂದ ಒಂದು ಪ್ರಶ್ನೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ನನ್ನ ಸ್ನಾನದಿಂದಲೇ ಹೋಯಿತಾ ತೋಟ?

ಈಗ ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಒಂದು ನೀರಿನ ಹನಿ ಬರೆದು, ಅದು ನೆಲ ಮುಟ್ಟುವ ಜಾಗದಲ್ಲಿ ಒಂದು ಕೋನ ಗುರುತು ಮಾಡಿದರು. ಕಾಂಟ್ಯಾಕ್ಟ್ ಆಂಗಲ್, ಸ್ಪರ್ಶಕೋನ. ಎಲ್ಲರೂ ಫಾರ್ಮುಲಾ ಬರೆದುಕೊಂಡರು. ನನಗೆ ಮಾತ್ರ ದಾಳಿಂಬೆ ಎಲೆ ನೆನಪಾಯಿತು. ಅದಕ್ಕೇ ಈ ಲೇಖನ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ವಿಜ್ಞಾನ ಬರೆಯೋದು ಇದೇ ಮೊದಲು. ತಪ್ಪಿದ್ದರೆ ಸಂಘದ ಹಿರಿಯರು ತಿದ್ದಲಿ.

ಪ್ರಯೋಗಕ್ಕೆ ಬೇಕಾದದ್ದು ಏನೂ ಇಲ್ಲ. ಕಣ್ಣಿಗೆ ಹಾಕುವ ಔಷಧಿಯ ಖಾಲಿ ಬಾಟಲಿ ಒಂದು, ಮೊಬೈಲ್ ಕ್ಯಾಮೆರಾ, ಎಲೆ. ಅಂಥ ಬಾಟಲಿಯಿಂದ ಬೀಳುವ ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ಎಲೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ಒಂದು ಹನಿ ಬಿಟ್ಟು, ಕ್ಯಾಮೆರಾವನ್ನು ಎಲೆಯ ಮಟ್ಟಕ್ಕೇ ಇಳಿಸಿ ಫೋಟೋ ತೆಗೆಯಬೇಕು. ಹನಿ ದೋಸೆ ಹಿಟ್ಟಿನ ಹಾಗೆ ಹರಡಿದರೆ ಕೋನ ಚಿಕ್ಕದು, ಎಲೆಗೆ ನೀರು ಹಿಡಿಸಿದೆ ಅಂತ ಅರ್ಥ. ಅರ್ಧ ನಿಂಬೆಹಣ್ಣಿನ ಹಾಗೆ ಕೂತರೆ ಸುಮಾರು 90 ಡಿಗ್ರಿ. ಮುತ್ತಿನ ಹಾಗೆ ಗುಂಡಗೆ ನಿಂತು, ಸ್ವಲ್ಪ ಓರೆ ಮಾಡಿದರೂ ಉರುಳಿ ಓಡಿದರೆ 150ಕ್ಕಿಂತ ಹೆಚ್ಚು. ಅಲ್ಲಿ ಎಲೆ ನೀರನ್ನು ಮುಟ್ಟಿಸಿಕೊಳ್ಳುವುದೇ ಇಲ್ಲ.

ಮೊದಲು ಹಾಸ್ಟೆಲ್ ಸುತ್ತಮುತ್ತ ಸಿಕ್ಕಿದ್ದನ್ನೆಲ್ಲ ನೋಡಿದೆ. ಕಂಪೌಂಡಿನ ಆಚೆ ಬೆಳೆದ ಎಕ್ಕೆ ಗಿಡದ ಎಲೆ ಮೇಲೆ ಬಿಳಿ ಪುಡಿಯಂಥ ಲೇಪ ಇರುತ್ತದಲ್ಲ, ಅದರ ಮೇಲೆ ಹನಿ ಗೋಲಿಯಾಗಿ ನಿಂತಿತು. ಆಮೇಲೆ ಅದೇ ಎಲೆಯ ಅರ್ಧ ಭಾಗವನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದೆ. ಉಜ್ಜಿದ ಕಡೆ ಹನಿ ಬಿಟ್ಟರೆ ಹರಡಿಕೊಂಡಿತು, ಉಜ್ಜದ ಕಡೆ ಗೋಲಿಯಾಗೇ ಇತ್ತು. ಆ ಬಿಳಿ ಪುಡಿ ಮೇಣ. ಎಲೆಯೇ ಅದನ್ನು ಒಳಗೆ ತಯಾರಿಸಿ ಹೊರಗೆ ಬಳಿದುಕೊಳ್ಳುತ್ತದೆ. ಮೆಸ್ಸಿನ ಹಿಂದೆ ತಾನಾಗೇ ಹುಟ್ಟಿದ ಟೊಮೆಟೊ ಗಿಡದಲ್ಲಿ ಬೇರೆ ಆಟ. ಅದರ ಎಲೆ ತುಂಬ ಸಣ್ಣ ಕೂದಲು, ಹನಿ ಆ ಕೂದಲುಗಳ ತುದಿಯ ಮೇಲೆ ಕೂತುಬಿಡುತ್ತದೆ.

ಆದರೆ ಎಲೆ ಯಾಕೆ ಇಷ್ಟೊಂದು ಕಷ್ಟಪಟ್ಟು ನೀರನ್ನು ದೂರ ಇಡಬೇಕು? ಗಿಡಕ್ಕೆ ನೀರು ಬೇಕಲ್ಲವಾ?

ಬೇಕು, ಬೇರಿನಲ್ಲಿ. ಎಲೆಯ ಕೆಲಸ ಗಾಳಿಯ ಜೊತೆ. ಅದರ ಮೈ ತುಂಬ ಇರುವ ಪತ್ರರಂಧ್ರಗಳ ಮೂಲಕ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗಬೇಕು. ಈ ಅನಿಲ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅಂದರೆ ರಂಧ್ರದ ಬಾಯಿಗೆ ತೆಳ್ಳಗಿನ ನೀರಿನ ಪೊರೆ ಕೂತರೂ ಎಲೆಗೆ ಮೂಗು ಹಿಡಿದ ಹಾಗೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬ್ಯಾಕ್ಟೀರಿಯಾಕ್ಕೆ ಕಾಲಿಲ್ಲ, ಶಿಲೀಂಧ್ರದ ಬೀಜಕಣ ಒಣಗಿದ ಎಲೆಯ ಮೇಲೆ ಸಾಮಾನ್ಯವಾಗಿ ಮೊಳಕೆ ಒಡೆಯುವುದಿಲ್ಲ. ಎರಡಕ್ಕೂ ನೀರು ಬೇಕು. ಎಲೆ ಎಷ್ಟು ಹೊತ್ತು ಒದ್ದೆ ಇರುತ್ತದೋ ಅಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ. ಈ ಅವಧಿಗೆ ಸಸ್ಯರೋಗ ಓದುವವರು ಲೀಫ್ ವೆಟ್‌ನೆಸ್ ಡ್ಯುರೇಶನ್ ಅಂತ ಹೆಸರಿಟ್ಟು ಗಂಟೆಗಳಲ್ಲಿ ಅಳೆಯುತ್ತಾರೆ. ಹತ್ತು ವರ್ಷ ನನ್ನ ತಲೆಯಲ್ಲಿದ್ದ ಪ್ರಶ್ನೆಗೆ ಉತ್ತರ ಈ ಗಂಟೆಗಳಲ್ಲೇ ಇತ್ತು.

ದೀಪಾವಳಿ ರಜೆಗೆ ಮುಂಚೆ ಗೆಳತಿಯರ ಜೊತೆ ಬಾದಾಮಿಗೆ ಹೋಗಿದ್ದೆ. ಅವರೆಲ್ಲ ಗುಹೆಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ನಾನು ಛಾವಣಿ ನೋಡುತ್ತಿದ್ದೆ. ಮೂರನೇ ಗುಹೆ ಕ್ರಿ.ಶ. 578ರದ್ದು, ಮಂಗಳೇಶ ಮಾಡಿಸಿದ್ದು. ಕಲ್ಲಿನಲ್ಲಿ ತಾವರೆ ಅರಳಿಸಿದ್ದಾರೆ. ತಾವರೆ ಎಲೆ ಮೇಲಿನ ನೀರಿನ ಹಾಗೆ ಇರಬೇಕು ಅಂತ ನಮ್ಮ ಹಿರಿಯರು ಸಾವಿರಾರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ನೀರು ಯಾಕೆ ಅಂಟುವುದಿಲ್ಲ ಅಂತ ಸರಿಯಾಗಿ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ 1970ರ ದಶಕದಲ್ಲಿ ಎಲೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ನೋಡುತ್ತಿದ್ದರು. ನೋಡುವ ಮೊದಲು ಎಲೆ ತೊಳೆದು ಶುಚಿ ಮಾಡಬೇಕು. ಕೆಲವು ಎಲೆಗಳಿಗೆ ಮಾತ್ರ ತೊಳೆಯುವ ಕೆಲಸವೇ ಬೀಳುತ್ತಿರಲಿಲ್ಲ, ಅವು ಯಾವಾಗಲೂ ಸ್ವಚ್ಛ. ಮಜಾ ಏನೆಂದರೆ ಆ ಎಲೆಗಳು ನುಣುಪಾಗಿರಲಿಲ್ಲ, ಒರಟಾಗಿದ್ದವು. 1997ರಲ್ಲಿ ಅವರು ನೈನ್‌ಹೌಸ್ ಜೊತೆ ಸೇರಿ ಇದನ್ನು ವಿವರವಾಗಿ ಪ್ರಕಟಿಸಿದರು. ಇದಕ್ಕೆ ಲೋಟಸ್ ಎಫೆಕ್ಟ್ ಅಂತ ಹೆಸರಾಯಿತು.

ತಾವರೆ ಎಲೆಯ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಗುಬಟುಗಳು ಒತ್ತೊತ್ತಾಗಿವೆ, ಆ ಗುಬಟುಗಳ ಮೇಲೆ ಇನ್ನೂ ಸಣ್ಣ ಮೇಣದ ಕೊಳವೆಗಳು. ನೀರಿನ ಹನಿ ಕೂರುವುದು ಈ ತುದಿಗಳ ಮೇಲೆ. ತುದಿಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಹನಿಯ ತಳದ ಬಹುಪಾಲು ಮುಟ್ಟುವುದು ಎಲೆಯನ್ನಲ್ಲ, ಗಾಳಿಯನ್ನು. ಅದಕ್ಕೇ ಅಲ್ಲಿ ಕೋನ 160 ಡಿಗ್ರಿಯ ಹತ್ತಿರ. ಉರುಳುವಾಗ ಧೂಳನ್ನೂ ಬೀಜಕಣಗಳನ್ನೂ ಎತ್ತಿಕೊಂಡು ಹೋಗುತ್ತದೆ. ತಾವರೆ ಸಿಗದಿದ್ದರೆ ಕೆಸುವಿನ ಎಲೆಯಲ್ಲಿ ಇದೇ ಆಟ ನೋಡಬಹುದು, ಪತ್ರೊಡೆ ಮಾಡುವ ಮೊದಲು.

ಅಗಸ್ತ್ಯತೀರ್ಥದ ದಂಡೆ ಕಡೆ ಒಂದು ಅರಳಿ ಮರದ ಕೆಳಗೆ ಕೂತು ಎರಡು ಎಲೆ ಕಿತ್ತುಕೊಂಡೆ. ಅರಳಿ ಎಲೆಗೆ ಎಕ್ಕೆಯ ಮೇಣವೂ ಇಲ್ಲ, ತಾವರೆಯ ಗುಬಟೂ ಇಲ್ಲ. ಅದರ ಉಪಾಯ ಬಾಲ. ಎಲೆಯ ತುದಿ ಉದ್ದಕ್ಕೆ, ಸೂಜಿಯ ಹಾಗೆ ಸಣ್ಣಗಾಗುತ್ತ ಹೋಗುತ್ತದೆ. ಒಂದು ಎಲೆಯ ಬಾಲವನ್ನು ಕತ್ತರಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡನ್ನೂ ನೀರಲ್ಲಿ ಅದ್ದಿ, ತೊಟ್ಟು ಹಿಡಿದು ತೂಗುಹಾಕಿದೆ. ಬಾಲ ಇದ್ದ ಎಲೆಯಿಂದ ಸಣ್ಣ ಸಣ್ಣ ಹನಿ ಪಟಪಟ ಉದುರಿತು. ಬಾಲ ಇಲ್ಲದ್ದರ ತುದಿಯಲ್ಲಿ ಒಂದು ದಪ್ಪ ಹನಿ ಜೋತು ಬಿದ್ದು, ಬೀಳಲೋ ಬೇಡವೋ ಅಂತ ಯೋಚಿಸುತ್ತ ನಿಂತಿತು. ಗೆಳತಿಯರು ದೂರದಿಂದ ನೋಡಿ ನಗುತ್ತಿದ್ದರು. ನಗಲಿ ಬಿಡಿ.

ಇದಕ್ಕೆ ನಮ್ಮ ಸಿಲೆಬಸ್ಸಿನಲ್ಲೇ ಉತ್ತರ ಇದೆ. 1864ರಲ್ಲಿ ಥಾಮಸ್ ಟೇಟ್ ಎಂಬಾತ ಹೇಳಿದ ನಿಯಮ: ಒಂದು ತುದಿಯಿಂದ ಕಳಚಿ ಬೀಳುವ ಹನಿಯ ತೂಕ ಆ ತುದಿಯ ಸುತ್ತಳತೆಯನ್ನು ಅವಲಂಬಿಸುತ್ತದೆ. ನೀರಿನ ಮೇಲ್ಮೈ ಎಳೆತ, ಅಂದರೆ ಸರ್ಫೇಸ್ ಟೆನ್ಷನ್, ಮೀಟರಿಗೆ 0.072 ನ್ಯೂಟನ್. ತುದಿಯ ತ್ರಿಜ್ಯ ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಹನಿಯ ತೂಕ ಸುಮಾರು 23 ಮಿಲಿಗ್ರಾಂ ಬರುತ್ತದೆ. ತ್ರಿಜ್ಯ ಎರಡು ಪಟ್ಟಾದರೆ ತೂಕವೂ ಎರಡು ಪಟ್ಟು. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಯಾಕೆಂದರೆ ಹನಿ ಕಳಚುವಾಗ ಒಂದಿಷ್ಟು ನೀರು ತುದಿಯಲ್ಲೇ ಉಳಿಯುತ್ತದೆ. ಸಣ್ಣ ತುದಿ ಅಂದರೆ ಸಣ್ಣ ಹನಿ, ಬೇಗ ಬೇಗ ಹನಿ, ಎಲೆ ಬೇಗ ಖಾಲಿ. ಮಳೆಕಾಡುಗಳಲ್ಲಿ ಇಂಥ ಬಾಲದ ಎಲೆಗಳು ತುಂಬ. ಎರ್ನ್ಸ್ಟ್ ಶ್ಟಾಲ್ ಎಂಬ ಜರ್ಮನ್ ವಿಜ್ಞಾನಿ ಜಾವಾ ದ್ವೀಪದಲ್ಲಿ ಇವನ್ನು ನೋಡಿ 1893ರಲ್ಲೇ ಬರೆದಿದ್ದ. ಬಾಲದಿಂದ ಗಿಡಕ್ಕೆ ನಿಜವಾಗಿ ಎಷ್ಟು ಲಾಭ ಅನ್ನುವ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ವರ್ಷಕ್ಕೆ ಆರುನೂರು ಮಿಲಿಮೀಟರ್ ಕೂಡ ಮಳೆ ಕಾಣದ ನಮ್ಮ ಕಡೆ ಅರಳಿ ಮರಕ್ಕೆ ಇಷ್ಟುದ್ದ ಬಾಲ ಯಾಕೆ ಅಂತ ನನಗೂ ಅನ್ನಿಸಿತು. ಮರಕ್ಕೆ ಅಡ್ರೆಸ್ ಬದಲಾದರೂ ಅಂಗಿ ಹಳೆಯದೇ ಇರಬಹುದು.

ಬನಶಂಕರಿಯಲ್ಲಿ ಗುಡಿಯ ಸುತ್ತ ಬಾಳೆ, ತೆಂಗು, ವೀಳ್ಯದೆಲೆ ತೋಟಗಳಿವೆ. ಅಲ್ಲಿ ವೀಳ್ಯದೆಲೆಯ ತುದಿ ನೋಡಿದೆ, ಅದೂ ಬಾಲದ ಜಾತಿಯೇ. ಊಟಕ್ಕೆ ಕೂತಾಗ ಬಾಳೆ ಎಲೆಗೆ ನೀರು ಚಿಮುಕಿಸಿ ಒರೆಸುತ್ತೇವಲ್ಲ, ಆಗ ನೀರು ಗುಂಡಗುಂಡಗೆ ಓಡುವುದನ್ನು ಇಷ್ಟು ವರ್ಷ ನೋಡಿದ್ದರೂ ನಾನು ನೋಡಿರಲಿಲ್ಲ.

ಬಾದಾಮಿಯಿಂದ ಬಂದ ವಾರದಲ್ಲೇ ರಜೆ ಶುರುವಾಯಿತು. ಮೊದಲು ಇಳಕಲ್ಲಿಗೆ, ಅಜ್ಜಿಯ ಮನೆಗೆ. ಓಣಿಯಲ್ಲಿ ಈಗಲೂ ಮಗ್ಗದ ಸದ್ದು ಕೇಳುತ್ತದೆ. ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದರು, ಹೊಲದಿಂದ ತಂದ ಹತ್ತಿಯಿಂದ. ನನ್ನ ಎಲೆ ಪುರಾಣ ಕೇಳಿ, "ಹಂಗಾರ ಈ ಹತ್ತಿನೂ ನೀರಾಗ ಹಾಕಿ ನೋಡು" ಅಂದರು. ಹಾಕಿದೆ. ಮುಳುಗಲಿಲ್ಲ! ಬೆರಳಿನಿಂದ ಒತ್ತಿದರೂ ಮೇಲೆ ಬಂದು ತೇಲಿತು, ಒಳಗೆ ಒಣಗಿಯೇ ಇತ್ತು. ಮೆಡಿಕಲ್ ಶಾಪಿನ ಹತ್ತಿ ಹಾಕಿದರೆ ಕ್ಷಣದಲ್ಲಿ ನೀರು ಕುಡಿದು ಮುಳುಗಿತು. ಎರಡೂ ಹತ್ತಿಯೇ, ಎರಡೂ ಸೆಲ್ಯುಲೋಸೇ. ವ್ಯತ್ಯಾಸ ಮೇಣದ್ದು. ಹಸಿ ಹತ್ತಿಯ ಎಳೆಯ ಹೊರಗೂ ಎಲೆಗೆ ಇರುವಂತೆ ತೆಳ್ಳಗಿನ ಮೇಣ ಇರುತ್ತದೆ. ಕ್ಷಾರದಲ್ಲಿ ಕುದಿಸಿದರೆ ಅದು ಹೋಗುತ್ತದೆ. ನೂಲಿಗೆ ಬಣ್ಣ ಹಾಕುವ ಮುಂಚೆ ಕುದಿಸುವುದು ಇದೇ ಕಾರಣಕ್ಕೆ. ಮೇಣ ಇದ್ದರೆ ಬಣ್ಣದ ನೀರು ಒಳಗೆ ಇಳಿಯುವುದಿಲ್ಲ. ಅಜ್ಜಿ ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ, ಬಣ್ಣದ ಮನೆಗಳನ್ನು ನೋಡಿ ಗೊತ್ತು ಅಷ್ಟೇ. ಆಮೇಲೆ ಹುಡುಕಿದರೆ, ಗಾಳಿಯ ಮೇಲೆ ಹನಿ ಕೂರುವ ಲೆಕ್ಕವನ್ನು 1944ರಲ್ಲಿ ಬರೆದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಕೂಡ ಬಟ್ಟೆಯವರೇ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆ ಸಂಶೋಧನೆ ಮಾಡುತ್ತಿದ್ದವರು. ತಾವರೆ ಎಲೆಗೆ ಇವತ್ತು ಬಳಸುವ ಸಮೀಕರಣ ಬಂದದ್ದು ನೂಲಿನಿಂದ!

ಇಳಕಲ್ಲಿನಿಂದ ಹುನಗುಂದದ ಹಾದಿಯಲ್ಲಿ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ಮಾಮಾನ ಹೊಲದಲ್ಲೂ ಒಂದು ಪಟ್ಟಿ ಬಿಳಿಜೋಳ. ಬೆಳಿಗ್ಗೆ ಆರಕ್ಕೆ ಎದ್ದು ಹೋದೆ. ಎಲೆಗಳ ತುದಿಯಲ್ಲಿ ಒಂದೊಂದು ಹನಿ. "ಇಬ್ಬನಿ ಬಿದ್ದೈತಿ" ಅಂದೆ. ಆದರೆ ಗಮನಿಸಿ ನೋಡಿದರೆ ಇಬ್ಬನಿ ಎಲೆಯ ಮೇಲೆಲ್ಲ ಸಣ್ಣಗೆ ಹರಡಿರಬೇಕು, ಇದು ತುದಿಯಲ್ಲೇ, ಅಂಚಿನಲ್ಲೇ ಇದೆ. ಇದು ಹೊರಗಿನಿಂದ ಬಿದ್ದ ನೀರಲ್ಲ. ಗಿಡ ಒಳಗಿನಿಂದ ತಳ್ಳಿದ್ದು. ನೆಲದಲ್ಲಿ ತೇವ ಚೆನ್ನಾಗಿದ್ದು ರಾತ್ರಿ ಗಾಳಿಯಲ್ಲೂ ತೇವ ಇದ್ದರೆ ನೀರು ಆವಿಯಾಗಿ ಹೋಗುವುದು ನಿಲ್ಲುತ್ತದೆ, ಆದರೆ ಬೇರು ನೀರು ಒತ್ತುತ್ತಲೇ ಇರುತ್ತದೆ. ಆ ಒತ್ತಡ ಎಲೆಯ ಅಂಚಿನ ವಿಶೇಷ ರಂಧ್ರಗಳಿಂದ ಹನಿಯಾಗಿ ಹೊರಬರುತ್ತದೆ. ಗಟ್ಟೇಶನ್ ಅನ್ನುತ್ತಾರೆ. ಅದರಲ್ಲಿ ಲವಣ ಇರುವುದರಿಂದ ಒಣಗಿದ ಮೇಲೆ ಕೆಲವೊಮ್ಮೆ ತುದಿಯಲ್ಲಿ ಬಿಳಿ ಗುರುತು ಉಳಿಯುತ್ತದೆ.

ಜೋಳದ ವಿಷಯದಲ್ಲಿ ಎಲೆಯ ಒದ್ದೆತನ ಅಂದರೆ ತಮಾಷೆ ಅಲ್ಲ, ಬೆಳೆಯ ಪ್ರಶ್ನೆ. ಸುಳಿ ನೊಣ ಎಳೆ ಜೋಳದ ಎಲೆಯ ಕೆಳಗೆ ತತ್ತಿ ಇಡುತ್ತದೆ. ಬೆಳಗಿನ ಜಾವ ಮರಿ ಹೊರಬಂದು ನಡು ಎಲೆಯ ಮೇಲೆ ತೆವಳಿಕೊಂಡು ಸುಳಿಯ ಒಳಗೆ ಇಳಿಯಬೇಕು. ಇಳಿದರೆ ಸುಳಿ ಒಣಗಿ ಗಿಡ ಹೋಯಿತು. ಆ ಮರಿ ಜಾರಿಕೊಂಡು ಇಳಿಯಲು ನಡು ಎಲೆ ಒದ್ದೆ ಇರಬೇಕು. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು 1990ರ ದಶಕದಲ್ಲಿ ಇದನ್ನು ಬೆನ್ನು ಹತ್ತಿ, ಆ ಒದ್ದೆತನ ಇಬ್ಬನಿಯಿಂದ ಅಲ್ಲ, ಗಿಡದ ಒಳಗಿನಿಂದಲೇ ಬರುತ್ತದೆ ಅಂತ ತೋರಿಸಿದರು. ನೊಣಕ್ಕೆ ಬಗ್ಗದ ತಳಿಗಳಲ್ಲಿ ನಡು ಎಲೆ ಹೆಚ್ಚು ಒಣಗಿರುತ್ತದೆ, ಬಗ್ಗುವ ತಳಿಗಳಲ್ಲಿ ಹೆಚ್ಚು ಒದ್ದೆ. ಒಂದು ತಳಿ ಉಳಿಯುವುದೋ ಹೋಗುವುದೋ ಅನ್ನುವುದು ಎಲೆಯ ಮೇಲಿನ, ಕಣ್ಣಿಗೆ ಸರಿಯಾಗಿ ಕಾಣದ ತೇವದ ಪೊರೆಯಲ್ಲಿ ಅಡಗಿದೆ.

ಜೋಳದ ಪಟ್ಟಿ ದಾಟಿದರೆ ದಾಳಿಂಬೆ. ಹೌದು, ಮಾಮಾ ಮತ್ತೆ ಹಚ್ಚಿದ್ದಾರೆ. ಈ ಸಲ ಒಂದೇ ಎಕರೆ, ಭಗವಾ ತಳಿ. ಹನಿ ನೀರಾವರಿ. ನಮ್ಮ ಹುನಗುಂದ ಭಾಗಕ್ಕೆ ಹನಿ ನೀರಾವರಿ ಹೊಸದಲ್ಲ. ಕೃಷ್ಣೆಯ ನೀರನ್ನು ಎತ್ತಿ ಪೈಪಿನಲ್ಲೇ ಹೊಲಗಳಿಗೆ ಮುಟ್ಟಿಸುವ ರಾಮಥಾಳ-ಮರೋಳ ಯೋಜನೆ 24,000 ಹೆಕ್ಟೇರಿಗೆ ಅಂತ ಮಾಡಿದ್ದು. ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಗಂಟೆಗೆ ನಾಲ್ಕು ಲೀಟರ್ ಬಿಡುವ ಡ್ರಿಪ್ಪರ್ ಅಂದರೆ, ನನ್ನ ಬಾಟಲಿಯ ಅಳತೆಯಲ್ಲಿ ಗಂಟೆಗೆ 80,000 ಹನಿ, ಸೆಕೆಂಡಿಗೆ 22. ಹೆಸರು ಹನಿ, ಬೀಳುವುದು ಸಣ್ಣ ಧಾರೆ! ಇದರ ಲಾಭ ನೀರಿನ ಉಳಿತಾಯ ಅಂತ ಎಲ್ಲರಿಗೂ ಗೊತ್ತು. ಎಲೆ ಒಣಗಿರುತ್ತದೆ ಅನ್ನುವ ಲಾಭದ ಬಗ್ಗೆ ಮಾತು ಕಡಿಮೆ.

ಹಳೆಯ ತೋಟವನ್ನು ತಿಂದದ್ದು ದುಂಡಾಣು ಅಂಗಮಾರಿ, ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಭಾರತದಲ್ಲಿ ಮೊದಲು ದೆಹಲಿಯಲ್ಲಿ 1952ರಲ್ಲಿ ವರದಿಯಾದದ್ದು, 2000ದ ನಂತರದ ವರ್ಷಗಳಲ್ಲಿ ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಮಲಗಿಸಿಬಿಟ್ಟಿತು. ಎಲೆಯ ಮೇಲೆ ಮೊದಲು ಎಣ್ಣೆ ಬಿದ್ದಂಥ, ನೀರು ತುಂಬಿದಂಥ ಸಣ್ಣ ಚುಕ್ಕೆ. ಆಮೇಲೆ ಕಪ್ಪಾಗುತ್ತದೆ. ಕಾಯಿಗೆ ಬಂದರೆ ಸಿಪ್ಪೆ ಸೀಳಿ ಮಾರುವ ಹಾಗೇ ಇಲ್ಲ. ಬ್ಯಾಕ್ಟೀರಿಯಾ ಒಳಗೆ ಹೋಗುವುದು ಪತ್ರರಂಧ್ರ ಮತ್ತು ಗಾಯಗಳ ಮೂಲಕ. ಗಿಡದಿಂದ ಗಿಡಕ್ಕೆ ಹೋಗುವುದು ಮಳೆಯ ಹನಿಯ ಮೇಲೆ ಸವಾರಿ ಮಾಡಿ.

ಈ ಸವಾರಿಯನ್ನು ಅಮೆರಿಕದ ಎಂಐಟಿಯ ಲಿಡಿಯಾ ಬುರೂಯಿಬಾ ಮತ್ತು ಬೆಲ್ಜಿಯಂನ ಟ್ರಿಸ್ಟಾನ್ ಗಿಲೆ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು 2015ರಲ್ಲಿ ಪ್ರಕಟಿಸಿದ್ದಾರೆ. ಎಲೆಯ ಮೇಲೆ ಮೊದಲೇ ಕೂತಿರುವ, ರೋಗಾಣು ತುಂಬಿದ ಹನಿಯ ಪಕ್ಕಕ್ಕೆ ಹೊಸ ಮಳೆಹನಿ ಬಡಿದರೆ ಹಳೆಯದು ಅರ್ಧಚಂದ್ರದ ಆಕಾರದಲ್ಲಿ ಎದ್ದು ಚೂರುಚೂರಾಗಿ ಹಾರುತ್ತದೆ. ಇಲ್ಲವೇ ಎಲೆಯೇ ಕೆಳಗೆ ಬಾಗಿ, ಚಮಚದಿಂದ ನೀರು ಎರಚಿದ ಹಾಗೆ ಅದನ್ನು ಎಸೆಯುತ್ತದೆ. ನಾವು ಎಲೆಯ ಮೇಲೆ ನೀರಿನ ಪೊರೆ ಇರುತ್ತದೆ ಅಂತ ಚಿತ್ರ ಬರೆಯುತ್ತೇವೆ. ಹೆಚ್ಚಿನ ಎಲೆಗಳಲ್ಲಿ ಇರುವುದು ಪೊರೆಯಲ್ಲ, ಬಿಡಿ ಹನಿಗಳು. ಅದಕ್ಕೇ ಇಷ್ಟು ದೂರ ಹಾರುತ್ತವೆ. ದಾಳಿಂಬೆ ಎಲೆಯ ಮೇಲೂ ಹನಿ ಬಿಟ್ಟು ನೋಡಿದೆ. ಹೊಳೆಯುವ ನುಣುಪು ಎಲೆ, ಹನಿ ಗೋಲಿಯಾಗಲಿಲ್ಲ, ಪೂರ್ತಿ ಹರಡಲೂ ಇಲ್ಲ, ನಿಧಾನಕ್ಕೆ ತುದಿಗೆ ಜಾರಿ ಅಲ್ಲೇ ಜೋತು ಬಿದ್ದಿತು. ತಾವರೆಯ ಗುಬಟಿಲ್ಲ, ಅರಳಿಯ ಬಾಲವಿಲ್ಲ. ಇದು ಒಣ ನಾಡಿನ ಗಿಡ, ಇರಾನಿನ ಕಡೆಯದು. ನೀರು ಓಡಿಸುವ ಉಪಾಯ ಕಲಿಯುವ ಅವಶ್ಯಕತೆ ಅದಕ್ಕೆ ಅಷ್ಟಾಗಿ ಬಿದ್ದಿರಲಿಕ್ಕಿಲ್ಲ ಅಂತ ನನ್ನ ಊಹೆ.

ಆದರೆ ಎಲೆ ಸುಮ್ಮನೆ ಪೆಟ್ಟು ತಿನ್ನುತ್ತದೆ ಅಂದುಕೊಳ್ಳಬೇಡಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2022ರಲ್ಲಿ ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದ ಮೇಲೆ ಹನಿ ಬೀಳಿಸಿ ನೋಡಿದರು. ಎಲೆಯ ಕೂದಲುಗಳು ಹನಿಯ ಪೆಟ್ಟನ್ನು ಗುರುತಿಸುತ್ತವೆ. ಅವುಗಳ ಬುಡದಿಂದ ಕ್ಯಾಲ್ಸಿಯಂ ಸಂಕೇತ ಅಲೆಯ ಹಾಗೆ ಸುತ್ತ ಹರಡುತ್ತದೆ. ರೋಗದ ವಿರುದ್ಧ ಹೋರಾಡುವ ಜೀನ್‌ಗಳು ಎಚ್ಚರಗೊಳ್ಳುತ್ತವೆ, ರೋಗಾಣು ಇನ್ನೂ ಬಂದೇ ಇಲ್ಲದಿದ್ದರೂ. ಮಳೆ ಬಂತು, ಹಿಂದೆಯೇ ರೋಗ ಬರಬಹುದು, ಬಾಗಿಲು ಹಾಕಿ ಅನ್ನುವ ಹಾಗೆ. ನಾವು ಕಿಟಕಿ ಪಕ್ಕ ಕೂತು ಮಿರ್ಚಿ ಭಜಿ ತಿನ್ನುವ ಹೊತ್ತಿಗೆ ಹೊರಗಿನ ಗಿಡ ಗಾಬರಿಯಲ್ಲಿರುತ್ತದೆ.

ಮಾಮಾ ಔಷಧಿ ಹೊಡೆಯುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಅವರು ಬೋರ್ಡೋ ದ್ರಾವಣದ ಡ್ರಮ್ಮಿಗೆ ಸ್ವಲ್ಪ ಸ್ಟಿಕ್ಕರ್ ಬೆರೆಸುತ್ತಿದ್ದರು. ಅದು ಇಲ್ಲದಿದ್ದರೆ ಔಷಧಿ ಎಲೆಯ ಮೇಲೆ ಗುಂಡಗಾಗಿ ಉರುಳಿ ನೆಲಕ್ಕೆ ಹೋಗುತ್ತದೆ. ಸೋಪಿನಂಥ ಪದಾರ್ಥ ನೀರಿನ ಮೇಲ್ಮೈ ಎಳೆತವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ, ಹನಿ ಹರಡುತ್ತದೆ. ನಾನು ಎಕ್ಕೆ ಎಲೆಯ ಗೋಲಿ ಹನಿಗೆ ಕಡ್ಡಿಯಿಂದ ಒಂದಿಷ್ಟು ಶಾಂಪೂ ಮುಟ್ಟಿಸಿ ತೋರಿಸಿದೆ, ಗೋಲಿ ಚಪ್ಪಟೆಯಾಯಿತು. ಮಾಮಾ ನೋಡಿ, "ಇದನ್ನ ಕಲಿಯಾಕ ಕಾಲೇಜಿಗೆ ಫೀ ತುಂಬೇವಿ?" ಅಂದರು. ಅಂದಹಾಗೆ, ಎಲೆ ನೀರು ಕುಡಿಯುತ್ತದೇನು ಅಂತ ಅವರು ಹಿಂದೆ ಕೇಳಿದ್ದಕ್ಕೂ ಈಗ ಉತ್ತರ ಗೊತ್ತು. ಸ್ವಲ್ಪ ಕುಡಿಯುತ್ತದೆ. ಎಲೆಗೆ ಯೂರಿಯಾ ಸಿಂಪಡಿಸಿದರೆ ಗಿಡಕ್ಕೆ ಹತ್ತುವುದು ಅದಕ್ಕೇ. ಹೇಳಲಿಲ್ಲ, ಫೀ ವಿಷಯ ಮತ್ತೆ ಬರುತ್ತದೆ ಅಂತ.

ಮಾಮಾ ಈ ಸಲ ಹಸ್ತ ಬಹಾರ ಹಿಡಿದಿದ್ದಾರೆ. ದಾಳಿಂಬೆಗೆ ಯಾವಾಗ ಹೂ ಬಿಡಿಸಬೇಕು ಅನ್ನುವುದನ್ನು ನೀರು ನಿಲ್ಲಿಸಿ, ಮತ್ತೆ ಬಿಟ್ಟು ರೈತರೇ ನಿರ್ಧರಿಸುತ್ತಾರೆ. ಮೃಗ ಬಹಾರ ಅಂದರೆ ಜೂನ್-ಜುಲೈ ಹೂವು, ಕಾಯಿ ಬೆಳೆಯುವುದೆಲ್ಲ ಮಳೆಯಲ್ಲಿ. ಹಸ್ತ ಬಹಾರ ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಹೂವು, ಕಾಯಿ ದಪ್ಪಗಾಗುವುದು ಚಳಿಗಾಲದ ಒಣ ಹವೆಯಲ್ಲಿ. ರೋಗ ಇರುವ ಕಡೆ ಹಸ್ತವೇ ಒಳ್ಳೆಯದು ಅಂತ ಸಲಹೆ. ಇಡೀ ಲೆಕ್ಕ ಎಲೆಯನ್ನು ಒಣಗಿಸಿ ಇಡುವ ಲೆಕ್ಕ. ಆದರೆ ಅಕ್ಟೋಬರಿನಲ್ಲೂ ಒಂದೆರಡು ಮಳೆ ಬಂದೇ ಬರುತ್ತದೆ.

ಬಂತು. ನಾನು ಇದ್ದಾಗಲೇ, ಸಂಜೆ ನಾಲ್ಕರ ಸುಮಾರಿಗೆ, ಅರ್ಧ ಗಂಟೆ. ನನ್ನ ಹತ್ತಿರ ಈ ಹೊತ್ತಿಗೆ ಒಂದು ಆಟಿಕೆ ಇತ್ತು, ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳತಿ ಮಾಡಿಕೊಟ್ಟ ಸೆನ್ಸರ್. ಬಾಚಣಿಗೆಯ ಹಲ್ಲುಗಳ ಹಾಗೆ ಎರಡು ತಾಮ್ರದ ಗೆರೆಗಳು ಒಂದರೊಳಗೊಂದು ಹೊಕ್ಕಿರುವ ಸಣ್ಣ ಪಟ್ಟಿ. ಒದ್ದೆ ಇದ್ದರೆ ಕರೆಂಟ್ ಹರಿಯುತ್ತದೆ, ಒಣಗಿದರೆ ನಿಲ್ಲುತ್ತದೆ. ಎಲೆಯಷ್ಟೇ ಓರೆಯಾಗಿ ಒಂದನ್ನು ಗಿಡದ ಹೊರಮೈಗೆ, ಇನ್ನೊಂದನ್ನು ಒಳಗೆ ಕೊಂಬೆಗಳ ನಡುವೆ ಕಟ್ಟಿದೆ. ಹೊರಗಿನದು ಮಳೆ ನಿಂತು ಗಾಳಿ ಬೀಸಿದ ಮೇಲೆ ಕತ್ತಲಾಗುವುದರೊಳಗೆ ಒಣಗಿತು. ಒಳಗಿನದು ರಾತ್ರಿ ಊಟ ಮುಗಿದಾಗಲೂ ಒದ್ದೆ, ಮಲಗುವಾಗಲೂ ಒದ್ದೆ. ಬೆಳಿಗ್ಗೆ ಎದ್ದು ಟಾರ್ಚ್ ಹಿಡಿದು ಹೋದರೂ ಒದ್ದೆ. ಒಂದೇ ಗಿಡ, ಒಂದೇ ಮಳೆ. ಇಡೀ ರಾತ್ರಿಯ ವ್ಯತ್ಯಾಸ.

ಮಾಮಾನಿಗೆ ತೋರಿಸಿದೆ. ಅವರು ಗಿಡದ ಒಳಗೆ ಕೈ ಹಾಕಿ ಎಲೆ ಮುಟ್ಟಿ ನೋಡಿದರು. ನಡುವೆ ನುಗ್ಗಿ ಬೆಳೆದ ಚಿಗುರುಗಳನ್ನು ಬೆರಳಲ್ಲಿ ಎಣಿಸಿದರು. "ಇವನ್ನ ತೆಗೀಬೇಕಿತ್ತು, ಹೂವಿನ ಗಡಿಬಿಡ್ಯಾಗ ಬಿಟ್ಟೆ" ಅಂದರು. ನಾನು ಕತ್ತರಿ ತರಲು ಓಡಿದೆ. "ಈಗ ಬ್ಯಾಡ. ಎಲಿ ಆರಲಿ, ಆಮ್ಯಾಲ ಕತ್ತರಿ. ಹಸಿ ಇದ್ದಾಗ ಕತ್ತರಿಸಿದ್ರ ನಾವ ರೋಗ ಹಂಚಿದಂಗ."

ಹನ್ನೊಂದು ಗಂಟೆಗೆ ಕೆಲಸ ಶುರು ಮಾಡಿದೆವು. ಒಂದು ಗಿಡ ಮುಗಿದ ಮೇಲೆ ಕತ್ತರಿಯನ್ನು ಬ್ಲೀಚ್ ಬೆರೆಸಿದ ನೀರಲ್ಲಿ ಅದ್ದಿ ಮುಂದಿನ ಗಿಡಕ್ಕೆ ಹೋಗುವುದು. ಕತ್ತರಿಸಿದ ಚಿಗುರನ್ನು ನಾನು ಬುಟ್ಟಿಗೆ ತುಂಬುತ್ತಿದ್ದೆ. ಐದಾರು ಗಿಡ ಆದ ಮೇಲೆ ಧೈರ್ಯ ಮಾಡಿ ಕೇಳಿದೆ.

"ಮಾಮಾ, ಆವಾಗ ನಾ ಪೈಪ್ ಹಿಡಿದು ಎಲಿಗೆ ನೀರ ಹೊಡೆದಿದ್ನೆಲ್ಲ. ತೋಟ ಹೋಗಿದ್ದು ಅದಕ್ಕೇನು?"

ಅವರಿಗೆ ಮೊದಲು ನೆನಪೇ ಆಗಲಿಲ್ಲ. ನೆನಪಾದ ಮೇಲೆ ಕತ್ತರಿ ಕೆಳಗಿಟ್ಟು ನಕ್ಕರು. "ಏಪ್ರಿಲ್ ಬಿಸಲಾಗ ನೀ ಹೊಡೆದ ನೀರ ನೀ ಮನಿಗೆ ಬರೂದ್ರೊಳಗ ಆರಿರ್ತದ. ರೋಗ ಸಸಿಯೊಳಗ ಬಂದಿತ್ತ. ತಂದಾಗ ನಮಗ ತಿಳೀಲಿಲ್ಲ. ಆ ವರ್ಷ ಮಳಿ ಜೋರಾತು, ಅದು ಎಲ್ಲಾ ಕಡೆ ಹಬ್ಬಿತು."

"ಮತ್ತ ನನಗ ಅಷ್ಟ್ಯಾಕ ಬೈದ್ರಿ? ಎಲಿಗೆ ನೀರ ಯಾಕ ಅಂತ?"

"ಬೋರಿನ್ಯಾಗ ನೀರ ಎಲ್ಲಿತ್ತ ಆವಾಗ?" ಅಂದರು, ಕತ್ತರಿಯನ್ನು ಬ್ಲೀಚ್ ನೀರಿಗೆ ಅದ್ದುತ್ತ. "ದಿನಕ್ಕ ಒಂದ ತಾಸು ಬರ್ತಿತ್ತ. ಅದನ್ನೂ ನೀ ಗಾಳಿಗೆ ತೂರಾಕತ್ತಿದ್ದಿ."